ಹಿಂದಕ್ಕೆ ಐದು ಗೇರು

ಎವಾರಿಸ್ತೊ ಚಿಕ್ಕಪ್ಪನ ಟ್ರ್ಯಾಕ್ಟರು ಕ್ಲೊರಿಂದಾ ಅತ್ತೆಯ ಮನೆಯೊಳಗೆ ನುಗ್ಗಿ ಹಿತ್ತಿಲ ಬಾಗಿಲಿನಿಂದ ಆಚೆ ಬಂತೆಂದು ಕಾಸ್ತ್ರೊ ಪೇಟೆಯಲ್ಲಿ ಈಗಲೂ ಹೇಳಿಕೊಂಡು ನಗುವವರಿದ್ದಾರೆ. ಶುದ್ಧ ಸುಳ್ಳು. ಅದು ಅಡುಗೆಮನೆಯವರೆಗೆ ಮಾತ್ರ ಹೋಗಿತ್ತು. ಒಂದು ಕುಟುಂಬದ ಮಾನ ತೆಗೆಯುವುದೇ ಆದರೆ ವಿವರಗಳನ್ನಾದರೂ ಸರಿಯಾಗಿಟ್ಟುಕೊಂಡು ತೆಗೆಯಲಿ. ನಗುವವರಲ್ಲಿ ಒಬ್ಬರೂ ಹೇಳದ ಮಾತೊಂದಿದೆ: ಆ ಟ್ರ್ಯಾಕ್ಟರಿನ ಹಿಂಭಾಗದ ಡಿಫರೆನ್ಷಿಯಲ್ ಬೇರಿಂಗುಗಳನ್ನು ಚಿಕ್ಕಪ್ಪ ಕೂರಿಸಿದ್ದು ಅದ್ಭುತವಾಗಿ. ಅವು ಒಂದಿಷ್ಟೂ ಸದ್ದು ಮಾಡುತ್ತಿರಲಿಲ್ಲ. ಟ್ರ್ಯಾಕ್ಟರು ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬುದು ಬೇರೆ ವಿಷಯ.

ಅತ್ತೆಯ ಮನೆ ನಿಂತಿದ್ದದ್ದು ಕಡಲಂಚಿನ ದಿಣ್ಣೆಯ ಮೇಲೆ. ಪ್ರತಿ ಚಳಿಗಾಲದಲ್ಲೂ ಕಡಲು ಆ ದಿಣ್ಣೆಯನ್ನು ಬ್ರೆಡ್ಡು ಮುರಿದ ಹಾಗೆ ತುಂಡು ತುಂಡಾಗಿ ಮುರಿದುಕೊಳ್ಳುತ್ತಿತ್ತು. ಹೋದ ಚಳಿಗಾಲದಲ್ಲಿ ಕೋಳಿಗೂಡು ಹೋಯಿತು, ಕೋಳಿಗಳ ಸಮೇತ. ಮುಂದಿನ ಸರದಿ ಅತ್ತೆಯ ಮಲಗುವ ಕೋಣೆಯದು. ಕೊಲ್ಲಿಯ ಆಚೆ ದಂಡೆಯಲ್ಲಿ, ಇಗರ್ಜಿಯ ಹಿಂದೆ, ಅವಳಿಗೆ ಸತ್ತ ಗಂಡನ ಕಡೆಯಿಂದ ಬಂದ ತುಂಡು ನೆಲವಿತ್ತು. ಮನೆಯನ್ನು ಅಲ್ಲಿಗೆ ಒಯ್ಯಬೇಕಿತ್ತು. ಒಯ್ಯುವುದೆಂದರೆ ನಮ್ಮ ಚಿಲೊಯೆ ದ್ವೀಪಗಳಲ್ಲಿ ನಿಜವಾಗಿಯೂ ಒಯ್ಯುವುದೇ. ಮನೆಗಳು ಮರದವು, ಬುಡಕ್ಕೆ ಎರಡು ಉದ್ದ ದಿಮ್ಮಿ ತೂರಿಸಿ, ಎತ್ತು ಕಟ್ಟಿ, ಇಳಿತದ ಹೊತ್ತಿನಲ್ಲಿ ಮರಳ ಮೇಲೆ ಎಳೆದುಕೊಂಡು ಹೋಗುತ್ತೇವೆ. ಊರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ಈ ಕೆಲಸಕ್ಕೆ ಮಿಂಗಾ ಎಂದು ಹೆಸರು. ಮನೆಯವರು ಬಂದವರಿಗೆ ಹೊಟ್ಟೆ ಬಿರಿಯುವಷ್ಟು ಊಟ ಹಾಕಿ ಚಿಚಾ ಎಂಬ ಸೇಬಿನ ಹೆಂಡ ಕುಡಿಸಿದರೆ ಮುಗಿಯಿತು.

ಆದರೆ ಮೊದಲು ಹೋಗಿ ಕೇಳಿಕೊಳ್ಳಬೇಕು. ದಾರಿಯಲ್ಲಿ ಸಿಕ್ಕಾಗ "ಬರ್ತೀರಾ?" ಎನ್ನುವ ಹಾಗಿಲ್ಲ. ಎತ್ತಿನವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು, ಅವರು ಕೊಟ್ಟ ಮಾಟೆ ಕಷಾಯವನ್ನು ಅವರದೇ ಕೊಳವೆಯಿಂದ ಹೀರಿ, ಮಳೆ, ಆಲೂಗಡ್ಡೆ, ಮೊಣಕಾಲು ನೋವು ಎಲ್ಲದರ ಮಾತು ಮುಗಿದ ಮೇಲೆ "ನಿಮ್ಮನ್ನ ಕೇಳಿಕೊಳ್ಳೋಕೆ ಬಂದೆ" ಎನ್ನಬೇಕು. ಹಾಗೆ ಕೇಳಿಕೊಂಡ ಮೇಲೆ ಇಲ್ಲ ಎನ್ನುವವರು ನಮ್ಮ ದ್ವೀಪದಲ್ಲಿ ಹುಟ್ಟಿಲ್ಲ. ಅತ್ತೆ ಎಂಟು ಜೋಡಿ ಎತ್ತಿನವರ ಎಂಟು ಅಡುಗೆಮನೆಗಳಲ್ಲಿ ಕೂತು ಬಂದಿದ್ದಳು. ಮಾಟೆ ಕುಡಿದೂ ಕುಡಿದೂ ಅವಳಿಗೆ ವಾರವಿಡೀ ನಿದ್ದೆ ಬಂದಿರಲಿಲ್ಲ. ಹೀಗೆ ಕೇಳಿಕೊಂಡವರನ್ನು ಆಮೇಲೆ ಬೇಡ ಎನ್ನುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಕ್ರಮವೇ ಇಲ್ಲ. ಚಿಕ್ಕಪ್ಪ ಹುಟ್ಟುವವರೆಗೆ ಅಂಥ ಯೋಚನೆ ಯಾರಿಗೂ ಬಂದಿರಲಿಲ್ಲ.

ಚಿಕ್ಕಪ್ಪನ ಟ್ರ್ಯಾಕ್ಟರು ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯದು. ಅದರ ಮೊದಲಿನ ಬಣ್ಣ ಯಾವುದೆಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಬೇಸಿಗೆಯ ಕೊನೆಗೆ ಅದರ ಹಿಂಭಾಗ ಹೊಟ್ಟೆನೋವು ಬಂದ ಹಂದಿಯ ಹಾಗೆ ಗುರುಗುಟ್ಟಲು ಶುರು ಮಾಡಿ, ಒಂದು ದಿನ ಅತ್ತೆಯ ಅಂಗಳದಲ್ಲಿ, ಸರಿಯಾಗಿ ಅವಳ ಬೆಳ್ಳುಳ್ಳಿ ಪಾತಿಯ ಮೇಲೆ, ಮನೆಗೆ ಬೆನ್ನು ಹಾಕಿ ನಿಂತುಬಿಟ್ಟಿತು. ಚಿಕ್ಕಪ್ಪ ಅಲ್ಲೇ ಟಾರ್ಪಾಲು ಕಟ್ಟಿದ.

"ಲೋ ಎವಾರಿಸ್ತೊ, ಆ ಹೆಣಾನ ಯಾವಾಗ ಎತ್ತುತೀಯ? ನನ್ನ ಬೆಳ್ಳುಳ್ಳಿ ಎಲ್ಲ ಎಣ್ಣೆ ಕುಡೀತಿದೆ," ಎಂದಳು ಅತ್ತೆ ಕಿಟಕಿಯಿಂದ.

"ಹೆಣ ಅಲ್ಲ ಅಕ್ಕಾ, ರೋಗಿ. ಆಪರೇಷನ್ ನಡೀತಿದೆ."

"ಡಾಕ್ಟ್ರು ಯಾರು?"

"ನಾನೇ."

"ಹಾಗಾದ್ರೆ ಹೆಣಾನೇ."

ಬೇರಿಂಗುಗಳು ಸವೆದಿದ್ದವು. ಹೊಸವನ್ನು ಚಿಕ್ಕಪ್ಪ ಪೇಟೆಯಿಂದ ಮಗುವನ್ನು ತರುವ ಹಾಗೆ ಕೋಟಿನೊಳಗಿಟ್ಟುಕೊಂಡು ದೋಣಿಯಲ್ಲಿ ತಂದ. ಟ್ರ್ಯಾಕ್ಟರನ್ನು ಜಾಕಿನ ಮೇಲೆತ್ತಿ, ಎರಡೂ ಕಡೆಯ ಆಕ್ಸಲು ಕಳಚಿ, ಹೊಟ್ಟೆಯೊಳಗಿಂದ, ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಷಿಯಲನ್ನು ತಬ್ಬಿಕೊಂಡು ಹೊರಗೆ ತೆಗೆದ. ಅದರ ಒಂದು ಪಕ್ಕಕ್ಕೆ ಕ್ರೌನ್ ಎಂದು ಕರೆಯುವ ದೊಡ್ಡ ಹಲ್ಲಿನ ಚಕ್ರವಿರುತ್ತದೆ, ಊಟದ ತಟ್ಟೆಗಿಂತ ದೊಡ್ಡದು. ಎಂಜಿನ್ನಿನ ಕಡೆಯಿಂದ ಬರುವ ಪಿನಿಯನ್ ಎಂಬ ಸಣ್ಣ ಹಲ್ಲಿನ ಚಕ್ರ ಅದನ್ನು ತಿರುಗಿಸುತ್ತದೆ. ಬ್ಯಾಟರಿ ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನು. ವಲ್ದಿವಿಯಾ ನಗರದಲ್ಲಿ ಓದು ಮುಗಿಸಿ ಬಂದು ಕೆಲಸವಿಲ್ಲದೆ ಮನೆಯಲ್ಲಿರುವ ಹುಡುಗಿಗೆ ನಮ್ಮ ಕಡೆ ಇಂಥ ಕೆಲಸಗಳನ್ನೇ ಕೊಡುತ್ತಾರೆ.

ಹೊಸ ಬೇರಿಂಗು ಹೊಡೆದು, ಡಿಫರೆನ್ಷಿಯಲನ್ನು ಮತ್ತೆ ಒಳಗೆ ಇಳಿಸುವಾಗ ನಾನು ಹೇಳಿದೆ: "ಚಿಕ್ಕಪ್ಪಾ, ಆ ದೊಡ್ಡ ಚಕ್ರ ಎಡಗಡೆ ಇತ್ತಲ್ವಾ?"

"ಬೆಳಕು ಹಿಡಿ ಮಗಾ."

"ಬಿಚ್ಚುವಾಗ ಎಡಗಡೆಯಿಂದ..."

"ಎಡ ಅಂದ್ರೆ ಯಾರ ಎಡ? ನಿಂದಾ, ನಂದಾ, ಟ್ರ್ಯಾಕ್ಟರಿಂದಾ?"

ಅವನು ಟ್ರ್ಯಾಕ್ಟರಿನ ಅಡಿಯಲ್ಲಿ ಅಂಗಾತ ಮಲಗಿದ್ದ, ನಾನು ಎದುರಿಗೆ ಕುಕ್ಕರಗಾಲಲ್ಲಿದ್ದೆ. ಯಾರ ಎಡವೆಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಬೋಲ್ಟು ಬಿಗಿಯಾಗಿತ್ತು. ನನ್ನ ದನಿ ಸಣ್ಣದು, ಒಪ್ಪುತ್ತೇನೆ. ಆದರೆ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಆಮೇಲೆ ಇಡೀ ದ್ವೀಪ "ಬ್ಯಾಟರಿ ಹಿಡಿದಿದ್ದವಳು ಓದಿದ ಹುಡುಗಿ, ಕಣ್ಣು ಎಲ್ಲಿಟ್ಟಿದ್ದಳೋ" ಎಂದು ಮಾತಾಡಿಕೊಂಡಿತಲ್ಲ, ಅವರೆಲ್ಲ ಇದನ್ನು ಕಣ್ಣು ಬಿಟ್ಟುಕೊಂಡು ಓದಲಿ.

ಮುಂದಿನದೆಲ್ಲ ಅಕ್ಕಸಾಲಿಗನ ಕೆಲಸ. ಬೇರಿಂಗಿನ ಹಿಂದೆ ಹಾಕುವ ತೆಳು ತಗಡುಗಳನ್ನು ಚಿಕ್ಕಪ್ಪ ಅತ್ತೆಯ ಚಹಾ ಡಬ್ಬಿಯಿಂದ ಕತ್ತರಿಸಿದ. ಒಂದು ತಗಡು ಹೆಚ್ಚಾದರೆ ಬಿಗಿ, ಒಂದು ಕಮ್ಮಿಯಾದರೆ ಲೊಡಲೊಡ. ಹಾಕಿ ತಿರುಗಿಸುವುದು, ತಲೆ ಅಲ್ಲಾಡಿಸುವುದು, ಬಿಚ್ಚುವುದು, ಮತ್ತೆ ಹಾಕುವುದು. "ಜಾಮ್ ಸೀಸೆ ಮುಚ್ಚಳ ತಿರುಗೋ ಹಾಗೆ ತಿರುಗಬೇಕು ಮಗಾ, ಅತ್ಲಾಗೆ ಬಿಗೀನೂ ಅಲ್ಲ, ಇತ್ಲಾಗೆ ಸಡಿಲಾನೂ ಅಲ್ಲ." ಹಲ್ಲುಗಳು ಎಲ್ಲಿ ಮುಟ್ಟುತ್ತವೆಂದು ನೋಡಲು ದೋಣಿಗೆ ಹೊಡೆಯುವ ಹಳದಿ ಬಣ್ಣ ಹಚ್ಚಿ, ಮೂಡಿದ ಗುರುತನ್ನು ಪಾದ್ರಿ ಜಾತಕ ನೋಡಿದಷ್ಟು ಅನುಮಾನದಿಂದ ನೋಡಿದ. ಅತ್ತೆ ತನ್ನ ಚಹಾ ಎಲ್ಲಿ ಸುರಿದಿದ್ದೀಯೆಂದು ಕೇಳಿದಳು. ಅದು ಅವಳ ಹಿಟ್ಟಿನ ಡಬ್ಬಿಯಲ್ಲಿತ್ತು.

ಕೊನೆಗೆ ಚಕ್ರ ನೆಲ ಬಿಟ್ಟು ಮೇಲಿದ್ದ ಹಾಗೆಯೇ ಎಂಜಿನ್ ಶುರು ಮಾಡಿ, ಗೇರಿಗೆ ಹಾಕಿ, ಕೆಳಗೆ ತೂರಿಕೊಂಡ. ಒಂದು ಕೋಲಿನ ತುದಿಯನ್ನು ಡಿಫರೆನ್ಷಿಯಲಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದ. ಚಕ್ರಗಳು ತಿರುಗಿದವು. ಯಾವ ಕಡೆಗೆ ತಿರುಗಿದವೆಂದು ನೋಡುವುದು ಕಿವಿಯ ಕೆಲಸವಲ್ಲ.

"ಅಕ್ಕಾ! ಕೇಳಿಸ್ತಾ?" ಎಂದು ಕೂಗಿದ.

"ಏನೂ ಕೇಳಿಸ್ತಿಲ್ಲ!" ಎಂದಳು ಅತ್ತೆ ಒಳಗಿನಿಂದ. ನಾನು ಅವಳ ಪಕ್ಕದಲ್ಲಿ ಆಲೂಗಡ್ಡೆ ತುರಿಯುತ್ತಿದ್ದೆ.

"ಅದೇ!" ಎಂದ ಚಿಕ್ಕಪ್ಪ. ಹೊರಗೆ ಬಂದು ನೋಡಿದರೆ ಅವನ ಕಣ್ಣಲ್ಲಿ ನೀರಿತ್ತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಂಜೆ ಅವನು ಶುಭ್ರ ಅಂಗಿ ತೊಟ್ಟು, ನನ್ನನ್ನೂ ಎಳೆದುಕೊಂಡು, ದೋನ್ ನೊಲ್ಬೆರ್ತೊ ಚಿಗ್ವಾಯ್ ಅವರ ಮನೆಗೆ ಹೊರಟ. ನಾಲ್ಕಕ್ಷರ ಕಲಿತವರು ಜೊತೆಗಿದ್ದರೆ ಮಾತಿಗೆ ತೂಕವಂತೆ. ದೋನ್ ನೊಲ್ಬೆರ್ತೊ ನಮ್ಮ ಎತ್ತಿನವರಲ್ಲಿ ಹಿರಿಯರು. ಅವರ ಹುಬ್ಬುಗಳು ಎರಡು ಬೇರೆ ಬೇರೆ ಮನುಷ್ಯರ ಮೀಸೆಗಳ ಹಾಗಿವೆ. ಒಲೆಯ ಪಕ್ಕ ಕೂರಿಸಿದರು, ಮಾಟೆ ಕೊಟ್ಟರು. ಮಳೆಯ ಮಾತಾಯಿತು, ಆಲೂಗಡ್ಡೆಯ ಮಾತಾಯಿತು.

"ದೋನ್ ನೊಲ್ಬೆರ್ತೊ, ಶನಿವಾರ ಮಿಂಗಾಕ್ಕೆ ನೀವು ಬರೋದು ಬೇಡ," ಎಂದ ಚಿಕ್ಕಪ್ಪ.

"ಯಾರು ಹೋದ್ರಪ್ಪಾ?" ದೋನ್ ನೊಲ್ಬೆರ್ತೊ ಟೊಪ್ಪಿ ತೆಗೆದರು.

"ಯಾರೂ ಹೋಗಿಲ್ಲ. ನನ್ನ ಟ್ರ್ಯಾಕ್ಟರ್ ರೆಡಿ ಆಯ್ತು. ಅದೇ ಎಳೆಯುತ್ತೆ. ನಿಮ್ಮ ಎತ್ತುಗಳಿಗೂ ವಯಸ್ಸಾಯ್ತು, ಪಾಪ. ನಿಮಗೂ..." ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಹಿಂದ್ಗಡೆ ಒಂಚೂರೂ ಸದ್ದಿಲ್ಲ ದೋನ್ ನೊಲ್ಬೆರ್ತೊ. ನಿಮ್ಮ ಎತ್ತುಗಳು ಹಿಂದ್ಗಡೆ ಅಷ್ಟು ಸುಮ್ನಿರ್ತಾವಾ, ನೀವೇ ಹೇಳಿ."

ದೋನ್ ನೊಲ್ಬೆರ್ತೊ ಟೊಪ್ಪಿಯನ್ನು ಮತ್ತೆ ಹಾಕಿಕೊಂಡರು. ನನ್ನ ಕೈಯಲ್ಲಿದ್ದ ಮಾಟೆಯನ್ನು, ನಾನಿನ್ನೂ ಹೀರಿ ಮುಗಿಸಿರದಿದ್ದ ಮಾಟೆಯನ್ನು, ಕಿತ್ತುಕೊಂಡು ಮೇಲಿನ ಹಲಗೆಯ ಮೇಲಿಟ್ಟರು. ನಾನೇನು ಮಾಡಿದ್ದೆ? ಬಾಯಿ ಬಿಟ್ಟಿದ್ದೆನೇ? ಕೊಳವೆ ಬಾಯಲ್ಲಿರುವಾಗ ಕಸಿದುಕೊಳ್ಳುವುದು ಯಾವ ನ್ಯಾಯ?

ಇದೇ ಭಾಷಣವನ್ನು ಚಿಕ್ಕಪ್ಪ ಉಳಿದ ಏಳು ಮನೆಗಳಲ್ಲೂ ಮಾಡಿದ. ಸುದ್ದಿ ನಮಗಿಂತ ವೇಗವಾಗಿ ನಡೆಯುತ್ತಿತ್ತು; ಕೊನೆಯ ಎರಡು ಮನೆಗಳಲ್ಲಿ ಕಿಟಕಿಯಿಂದಲೇ ಕೇಳಿಸಿಕೊಂಡು ಕಿಟಕಿ ಮುಚ್ಚಿದರು.

"ನಾನು ಎಂಟು ಮನೇಲಿ ಕೂತು ಕಟ್ಟಿದ್ದನ್ನ ನೀನು ಎಂಟು ಮನೇಲಿ ನಿಂತು ಕೆಡವಿ ಬಂದ್ಯಾ!" ಎಂದಳು ಅತ್ತೆ.

"ನಿಂತಿಲ್ಲ ಅಕ್ಕಾ. ಆರು ಮನೇಲಿ ಕೂತೇ ಹೇಳಿದೆ."

"ಕೂತು ಬೇರೆ!"

ಶನಿವಾರ ಊರಿಗೆ ಊರೇ ಬಂತು. ಸನ್ನೆಕೋಲು ಹಿಡಿದು ಮನೆಯನ್ನು ದಿಮ್ಮಿಯ ಮೇಲೇರಿಸುವ ಗಂಡಸರು ಬಂದರು. ಅವರನ್ನು ಯಾರೂ ಬೇಡವೆಂದಿರಲಿಲ್ಲ. ವಿಚಿತ್ರವೆಂದರೆ ಎಂಟೂ ಜೋಡಿ ಎತ್ತುಗಳು, ನೊಗ ಹೊತ್ತುಕೊಂಡೇ, ಬೇಲಿಯಾಚೆ ಮೇಯುತ್ತಿದ್ದವು.

"ಗಾಳಿ ಸೇವನೆಗೆ ಕರ್ಕೊಂಡು ಬಂದ್ವಿ," ಎಂದರು ದೋನ್ ನೊಲ್ಬೆರ್ತೊ ಕೇಳಿದವರಿಗೆಲ್ಲ. "ವಯಸ್ಸಾಯ್ತಲ್ಲ, ಪಾಪ."

ಅತ್ತೆ ಮನೆಯಿಂದ ಇಳಿಯಲು ಒಪ್ಪಲಿಲ್ಲ. "ಮನೆ ಹೋದ ಕಡೆ ನಾನು. ಊಟಕ್ಕೆ ಒಲೆ ಹಚ್ಚಿದೀನಿ, ಆರಿಸೋಕಾಗಲ್ಲ." ಹಾಗಾಗಿ ಹೊಗೆಕೊಳವೆಯಿಂದ ಹೊಗೆಯಾಡುತ್ತಲೇ ಮನೆ ಪ್ರಯಾಣಕ್ಕೆ ಸಿದ್ಧವಾಯಿತು. ಚಿಕ್ಕಪ್ಪ ದಿಮ್ಮಿಗಳಿಗೆ ಕಟ್ಟಿದ ಸರಪಳಿಯನ್ನು, ರಿಪೇರಿಯಾದ ಮೇಲೆ ನಿಂತಲ್ಲಿಂದ ಇನ್ನೂ ಕದಲಿಸದಿದ್ದ ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ, ಸೀಟು ಹತ್ತಿ, ಟೊಪ್ಪಿಯನ್ನು ಎತ್ತಿ ಹಿಡಿದು ಹೇಳಿದ: "ಎಲ್ರೂ ಕಿವಿಗೊಟ್ಟು ಕೇಳಿ. ಏನೂ ಕೇಳಿಸಲ್ಲ, ಅದನ್ನೇ ಕೇಳಿ."

ಮೊದಲನೇ ಗೇರು ಹಾಕಿ ಕ್ಲಚ್ಚು ಬಿಟ್ಟ.

ನಮ್ಮ ಕಡೆ ಮನೆಗೆ ಮುಂಬಾಗಿಲಿದ್ದರೂ ಬಂದವರೆಲ್ಲ ಒಳಗೆ ಹೋಗುವುದು ಅಡುಗೆಮನೆಯಿಂದಲೇ. ಟ್ರ್ಯಾಕ್ಟರೂ ಆ ಪದ್ಧತಿಯನ್ನು ಪಾಲಿಸಿತು. ಹಿಂದುಹಿಂದಾಗಿ, ಗಂಭೀರವಾಗಿ ಸರಿದು, ಗೋಡೆಯ ಹಲಗೆಗಳನ್ನು ಚಟಚಟ ಮುರಿದುಕೊಂಡು, ದೊಡ್ಡ ಚಕ್ರಗಳೆರಡನ್ನೂ ಒಳಗಿಟ್ಟಿತು. ಅತ್ತೆ ಸೌಟು ಹಿಡಿದು ನಿಂತಿದ್ದಳು.

"ಬಾಗಿಲಿತ್ತಲ್ಲೋ!" ಎಂದಳು.

ಚಿಕ್ಕಪ್ಪ ಗಾಬರಿಯಲ್ಲಿ, ಮುಂದಕ್ಕೆ ಬೇಗ ಹೋಗಲೆಂದು ಎರಡನೇ ಗೇರು ಹಾಕಿದ. ಟ್ರ್ಯಾಕ್ಟರು ಇನ್ನೂ ಬೇಗ ಒಳಗೆ ಬಂತು. ಪಾತ್ರೆಯ ಹಲಗೆ ಉರುಳಿತು. ಮೂರನೆಯದನ್ನು ಪ್ರಯತ್ನಿಸುವ ಮೊದಲು ಅತ್ತೆಯ ಸೌಟು ಅವನ ಮಣಿಕಟ್ಟಿಗೆ ಬಿತ್ತು.

"ಎವಾರಿಸ್ತೊ," ಎಂದರು ದೋನ್ ನೊಲ್ಬೆರ್ತೊ ಬೇಲಿಯಾಚೆಯಿಂದ, "ಮನೇನ ಎಳೀತೀನಿ ಅಂದಿದ್ದೆ. ಬಸುರಿ ಮಾಡ್ತೀನಿ ಅಂದಿರ್ಲಿಲ್ಲ."

ಬೇಲಿಯ ಮೇಲೆ ಕೂತವರಲ್ಲಿ ಇಬ್ಬರು ನಗುತ್ತಾ ಹಿಂದಕ್ಕೆ ಬಿದ್ದರು. ಬಿದ್ದದ್ದು ಸರಿಯಾಯಿತು. ಟ್ರ್ಯಾಕ್ಟರು ಹಿಂದಕ್ಕೇಕೆ ಬಂತೆಂದು ಅರ್ಥವಾಗದವರಿಗಾಗಿ ಹೇಳುತ್ತೇನೆ: ಕ್ರೌನ್ ಚಕ್ರ ಪಿನಿಯನ್ನಿನ ಈ ಪಕ್ಕಕ್ಕೆ ಕೂರುವ ಬದಲು ಆ ಪಕ್ಕಕ್ಕೆ ಕೂತರೆ ಎಲ್ಲವೂ ತಿರುವುಮುರುವು. ಮುಂದಕ್ಕಿದ್ದ ಐದು ಗೇರೂ ಹಿಂದಕ್ಕೆ ಹೋಗುತ್ತವೆ, ಹಿಂದಕ್ಕಿದ್ದ ಒಂದೇ ಒಂದು ಗೇರು ಮುಂದಕ್ಕೆ. ಚಿಕ್ಕಪ್ಪನಿಗೂ ಇದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದಾಗ ಅವನ ಮುಖ ಹಾಲಿನಂತಾಗಿ, ಆಮೇಲೆ ಬೀಟ್‌ರೂಟಿನಂತಾಗಿ, ಕಡೆಗೆ ಉಪದೇಶಕ್ಕೆ ನಿಂತ ಪಾದ್ರಿಯ ಮುಖದಂತಾಯಿತು.

"ಬೇಕೂಂತ್ಲೇ ಹೀಗ್ ಮಾಡಿದೀನಿ," ಎಂದ. "ರಿವರ್ಸ್ ಗೇರಿಗೆ ಶಕ್ತಿ ಜಾಸ್ತಿ, ಯಾರ್ನ ಬೇಕಾದ್ರೂ ಕೇಳಿ. ಅದಕ್ಕೇ ಆ ಗೇರನ್ನ ಮುಂದಕ್ಕೆ ತಂದಿದೀನಿ. ಗೋಡೆ ಮುರಿದಿದ್ದು... ಅದು ಬೇರೆ."

ರಿವರ್ಸಿಗೆ ಹಾಕಿದ. ಟ್ರ್ಯಾಕ್ಟರು ಅಡುಗೆಮನೆಯಿಂದ ಹೊರಬಂತು, ಸರಪಳಿ ಬಿಗಿಯಿತು, ಮನೆ ನರಳಿತು, ಮತ್ತು ಚಲಿಸಿತು. ಅಂಗಳದಿಂದ ಕಡಲದಂಡೆಯವರೆಗೆ ಇಳಿಜಾರು. ಮನೆಗೂ ಅಲ್ಲಿಂದ ತಪ್ಪಿಸಿಕೊಳ್ಳುವ ಆಸೆಯಿದ್ದಂತೆ ಜಾರಿಕೊಂಡು ಹೋಯಿತು. ಜನ ಚಪ್ಪಾಳೆ ತಟ್ಟಿದರು. ಗೋಡೆಯ ತೂತಿನಿಂದ ಅತ್ತೆ ಬಯ್ಯುತ್ತಲೇ ಇದ್ದಳು. ಚಿಕ್ಕಪ್ಪ ಎತ್ತಿನವರ ಕಡೆ ತಿರುಗಿ ಟೊಪ್ಪಿ ಬೀಸಿದ. ಅದನ್ನೂ ಮಾಡಬಾರದಿತ್ತು.

ನೀರಿಳಿದಿದ್ದ ಕೊಲ್ಲಿಯ ನಡುಮಧ್ಯೆ ಇಳಿಜಾರು ಮುಗಿದು ಹಸಿ ಮರಳು ಶುರುವಾಯಿತು. ದಿಮ್ಮಿಗಳು ಮರಳಿಗೆ ಕಚ್ಚಿಕೊಂಡವು. ಟ್ರ್ಯಾಕ್ಟರಿನ ಚಕ್ರಗಳು ಇದ್ದಲ್ಲೇ ತಿರುಗಿ ತಮಗಾಗಿ ಎರಡು ಚಂದದ ಗುಂಡಿ ತೋಡಿಕೊಂಡವು. ಅಷ್ಟರಲ್ಲಿ ಇಳಿತ ಮುಗಿದು ಉಬ್ಬರ ಏರಲು ಶುರುವಾಗಿತ್ತು.

ಮೊದಲು ಬಂದವನು ಸಹಾಯಕ್ಕೆ ಬಂದವನಲ್ಲ. ರೆಮಿಹಿಯೊ ಎಂಬಾತ ನಮ್ಮ ತೀರದ ದೋಣಿಗಳ ಮೇಲ್ವಿಚಾರಕ. ಸರ್ಕಾರ ಅವನಿಗೊಂದು ಟೊಪ್ಪಿ ಕೊಟ್ಟಿದೆ. ಆ ಟೊಪ್ಪಿ ಹಾಕಿಕೊಂಡೇ ಬಂದ.

"ನೀರು ದಿಮ್ಮಿ ಮುಟ್ಟಿದ ಕ್ಷಣದಿಂದ ಇದು ಮನೆ ಅಲ್ಲ ದೋನ್ಯಾ ಕ್ಲೊರಿಂದಾ, ದೋಣಿ," ಎಂದ. "ದೋಣಿ ಅಂದ್ರೆ ನನ್ನ ವ್ಯಾಪ್ತಿಗೆ ಬರುತ್ತೆ. ಲೈಫ್ ಜಾಕೆಟ್ ಎಷ್ಟಿವೆ?"

"ಒಂದು ಸೌಟಿದೆ. ಬೇಕಾ?" ಎಂದಳು ಅತ್ತೆ.

"ದೋಣಿಗೊಂದು ಹೆಸರಿರಬೇಕು."

"ಎವಾರಿಸ್ತೊ ಅಂತಿಡು. ಮುಳುಗೋದಕ್ಕೆ ಅದಕ್ಕಿಂತ ಒಳ್ಳೆ ಹೆಸರಿಲ್ಲ."

ಎಂಟು ಜನ ಎತ್ತಿನವರು ಪಕ್ಕದ ಬಂಡೆಗಳ ಮೇಲೆ ಸಾಲಾಗಿ ಕೂತಿದ್ದರು. ಎತ್ತುಗಳು ಪಾಚಿ ಮೂಸುತ್ತಿದ್ದವು. ಚಿಕ್ಕಪ್ಪ ಸೀಟಿನಿಂದ ಇಳಿದು, ಎಲ್ಲಿಗೋ ಹೋಗುವವನಂತೆ ನಡೆದು, ಅಕಸ್ಮಾತ್ತಾಗಿ ಅವರೆದುರು ತಲುಪಿದ.

"ದೋನ್ ನೊಲ್ಬೆರ್ತೊ, ಆ ಎತ್ತು ಸ್ವಲ್ಪ..."

"ಗಾಳಿ ತಗೋತಿವೆ."

"ಅಲ್ಲ, ಮನೆ ಸ್ವಲ್ಪ..."

"ನಿಂತ್ಕೊಂಡು ಕೇಳಿಸ್ಕೊಳ್ಳೋ ಜನ ಅಲ್ಲಪ್ಪ ನಾವು. ನನ್ನ ಒಲೆ ಪಕ್ಕ ಕೂತು ಬೇಡ ಅಂದೆ. ಒಲೆ ಪಕ್ಕ ಕೂತೇ ಬೇಕು ಅನ್ನು."

"ನಿಮ್ಮನೆ ಗುಡ್ಡದಾಚೆ ಇದೆ! ಅಲ್ಲಿಗೆ ಹೋಗಿ ಬರೋಷ್ಟ್ರಲ್ಲಿ ಇಲ್ಲಿ ಮೀನು ಈಜ್ತಿರ್ತವೆ!"

"ಅದೂ ನಿಜ," ಎಂದು ದೋನ್ ನೊಲ್ಬೆರ್ತೊ ಕಡಲಿನ ಕಡೆ ಆಸಕ್ತಿಯಿಂದ ನೋಡಿದರು. ಉಳಿದ ಏಳು ಜನರೂ ನೋಡಿದರು. ಒಬ್ಬ ಮುದುಕಿಯ ಮನೆ ಮುಳುಗುತ್ತಿರುವಾಗ ಪದ್ಧತಿ ಹಿಡಿದುಕೊಂಡು ಕೂತ ಆ ಎಂಟು ಜನರನ್ನು ನೋಡಿ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯ ದನಿ ಕೊಲ್ಲಿಯ ಈ ತುದಿಯಿಂದ ಆ ತುದಿಗೆ ಹೋಯಿತು.

"ದೋನ್ ನೊಲ್ಬೆರ್ತೊ! ನಿಮಗೆ ಒಲೆ ತಾನೇ ಬೇಕು? ಇಲ್ಲಿದೆ ಒಲೆ! ಉರೀತಿದೆ! ನೀರೂ ಕುದೀತಿದೆ! ಬನ್ನಿ ಒಳಗೆ, ಎಂಟೂ ಜನ!"

ಎಂಟು ಜನ ತಲೆ ಹತ್ತಿರ ತಂದು ಸಮಾಲೋಚನೆ ಮಾಡಿದರು. ಪದ್ಧತಿಯಲ್ಲಿ ಒಲೆ ಎಂದಿದೆ, ಯಾರ ಒಲೆ, ಎಲ್ಲಿಯ ಒಲೆ ಎಂದಿಲ್ಲ. ಒಪ್ಪಿಗೆಯಾಯಿತು. ಒಬ್ಬೊಬ್ಬರಾಗಿ ಮನೆ ಹತ್ತಿದರು. ಗೋಡೆಯಲ್ಲಿ ಟ್ರ್ಯಾಕ್ಟರು ಮಾಡಿದ ತೂತಿತ್ತು. ಆದರೂ ಮರ್ಯಾದಸ್ಥರು, ಸುತ್ತಿಕೊಂಡು ಬಾಗಿಲಿನಿಂದಲೇ ಬಂದರು. ಬೂಟು ಒರೆಸಿಕೊಳ್ಳದೆ ಬಂದವನನ್ನು ಅತ್ತೆ ವಾಪಸ್ಸು ಕಳಿಸಿದಳು.

"ಇಷ್ಟು ಜನರನ್ನ ಹತ್ತಿಸೋ ಹಾಗಿಲ್ಲ!" ಎಂದು ಹೊರಗಿನಿಂದ ರೆಮಿಹಿಯೊ ಕೂಗಿದ. "ದೋಣೀಲಿ ಬೆಂಕಿ ಬೇರೆ ಉರೀತಿದೆ!"

ಅತ್ತೆ ತೂತಿನಿಂದಲೇ ಅವನ ಕೈಗೊಂದು ಆಲೂಗಡ್ಡೆ ರೊಟ್ಟಿ ತುರುಕಿದಳು. ಸರ್ಕಾರದ ಬಾಯಿ ಮುಚ್ಚಿತು.

ಒಲೆಯ ಸುತ್ತ ಎಂಟು ಜನ, ಎದುರಿಗೆ ಚಿಕ್ಕಪ್ಪ, ಬಾಗಿಲ ಬಳಿ ನಾನು. ಮಾಟೆ ಸುತ್ತು ಹೊಡೆಯಿತು. ಕೆಳಗೆ ದಿಮ್ಮಿಗಳಿಗೆ ನೀರು ಚಪ್ ಚಪ್ ಎಂದು ಬಡಿಯುತ್ತಿತ್ತು.

"ಮಳೆ ಈ ವರ್ಷ ಜಾಸ್ತಿ," ಎಂದರು ದೋನ್ ನೊಲ್ಬೆರ್ತೊ.

"ಹೌದು ಜಾಸ್ತಿ, ಆಲೂಗಡ್ಡೆ ಚೆನ್ನಾಗಿದೆ, ನಿಮ್ಮ ಮೊಣಕಾಲು ಹೇಗಿದೆ?" ಎಂದ ಚಿಕ್ಕಪ್ಪ ಒಂದೇ ಉಸಿರಿಗೆ.

"ಮೊಣಕಾಲಾ? ಅದೊಂದು ದೊಡ್ಡ ಕಥೆ." ದೋನ್ ನೊಲ್ಬೆರ್ತೊ ಆರಾಮಾಗಿ ಕಾಲು ನೀಡಿದರು. "ನಾನು ಸಣ್ಣವನಿದ್ದಾಗ ನಮ್ಮಪ್ಪನ ಹತ್ರ ಒಂದು ಕಪ್ಪು ಹೋರಿ ಇತ್ತು..."

ಹೋರಿಯ ಕಥೆ ಮುಗಿಯುವಷ್ಟರಲ್ಲಿ ಹಲಗೆಗಳ ಸಂದಿನಿಂದ ನೀರು ಮೇಲೆ ಬಂತು. ಬೆಕ್ಕು ಅಟ್ಟ ಹತ್ತಿತು. ಎಂಟು ಜೊತೆ ಬೂಟುಗಳು ಒಟ್ಟಿಗೆ ಮೇಲೆದ್ದವು. ಚಿಕ್ಕಪ್ಪ ಟೊಪ್ಪಿ ತಿರುಚುತ್ತಾ ಹೇಳಿದ: "ನೋಡಿ ದೋನ್ ನೊಲ್ಬೆರ್ತೊ, ನನ್ನ ಬೇರಿಂಗು ಒಂಚೂರೂ ಸದ್ದು ಮಾಡ್ಲಿಲ್ಲ. ಅದೊಂದನ್ನ ನೀವು ಒಪ್ಕೊಂಡ್ರೆ ನಾನೂ..."

"ದೋನ್ಯಾ ಕ್ಲೊರಿಂದಾ, ಇನ್ನೊಂದು ಸುತ್ತು ಹಾಕಿ. ಇವ್ನು ಇನ್ನೂ ಮಾತಿಗೆ ಬಂದಿಲ್ಲ."

ಅತ್ತೆ ಕೆಟಲು ಎತ್ತಲಿಲ್ಲ. ಬೆಳಗಿನಿಂದ ಬಯ್ಯುತ್ತಿದ್ದವಳು ದನಿ ತಗ್ಗಿಸಿದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಎವಾರಿಸ್ತೊ. ನಂಗಿರೋದು ಇದೊಂದೇ ಮನೆ ಕಣೋ."

ಚಿಕ್ಕಪ್ಪ ನೀರಿನ ಕಡೆ ನೋಡಿದ, ಒಲೆಯ ಕಡೆ ನೋಡಿದ. ಟೊಪ್ಪಿಯನ್ನು ತೊಡೆಯ ಮೇಲಿಟ್ಟ.

"ದೋನ್ ನೊಲ್ಬೆರ್ತೊ, ನಿಮ್ಮನ್ನ ಕೇಳಿಕೊಳ್ಳೋಕೆ ಬಂದೆ."

ದೋನ್ ನೊಲ್ಬೆರ್ತೊ ಮಾಟೆಯನ್ನು ಕೊನೆಯ ಹನಿಯವರೆಗೆ ಸೊರಕ್ಕೆಂದು ಹೀರಿದರು.

"ಮೊದ್ಲೇ ಹೇಳ್ಬಾರ್ದಾ ಮಾರಾಯಾ," ಎಂದರು. "ಕಾಲೆಲ್ಲ ಒದ್ದೆ ಆಯ್ತು."

ಎತ್ತುಗಳನ್ನು ಟ್ರ್ಯಾಕ್ಟರಿನ ಮುಂದೆ ಉದ್ದಕ್ಕೆ ಕಟ್ಟಿದರು. ಮೊದಲು ಎಂಟು ಜೋಡಿ ಎತ್ತು, ಅವುಗಳ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಮನೆ, ಮನೆಯಲ್ಲಿ ಅತ್ತೆ. ಟ್ರ್ಯಾಕ್ಟರನ್ನು ಬಿಚ್ಚಿ ಪಕ್ಕಕ್ಕೆ ಸರಿಸಲು ಹೊತ್ತಿರಲಿಲ್ಲ. ಚಿಕ್ಕಪ್ಪ ತಾನೂ ಎಂಜಿನ್ ಕೊಡುತ್ತೇನೆಂದು ಸೀಟು ಹತ್ತಿದ. ಬೇಡ ಎನ್ನಲು ಯಾರಿಗೂ ಪುರುಸೊತ್ತಿರಲಿಲ್ಲ. ರೆಮಿಹಿಯೊ ಎತ್ತುಗಳ ಪಕ್ಕ ನಿಂತು, ಇದು ದೋಣಿಯಾದ್ದರಿಂದ ಸಂಜ್ಞೆ ಕೊಡುವ ಅಧಿಕಾರ ತನ್ನದೆಂದು ಕೈ ಬೀಸಿದ.

ದೋನ್ ನೊಲ್ಬೆರ್ತೊ ಕೂಗು ಹಾಕಿದರು. ಎತ್ತುಗಳು ಕತ್ತು ತಗ್ಗಿಸಿದವು. ಚಿಕ್ಕಪ್ಪ, ಇಷ್ಟು ವರ್ಷದ ಅಭ್ಯಾಸದಿಂದ, ಮೊದಲನೇ ಗೇರು ಹಾಕಿದ.

ಎಂಟು ಜೋಡಿ ಎತ್ತು ಆ ಕಡೆಗೆ, ಟ್ರ್ಯಾಕ್ಟರು ಈ ಕಡೆಗೆ. ಸರಪಳಿ ಪಿಟೀಲಿನ ತಂತಿಯ ಹಾಗೆ ಬಿಗಿಯಿತು. ಟ್ರ್ಯಾಕ್ಟರಿನ ದೊಡ್ಡ ಚಕ್ರಗಳು ಹಿಂದುಹಿಂದಕ್ಕೆ ತಿರುಗಿ ಮರಳು, ಪಾಚಿ, ಕಪ್ಪೆಚಿಪ್ಪು ಎಲ್ಲವನ್ನೂ ಮುಂದಕ್ಕೆ ಎರಚಿದವು. ರೆಮಿಹಿಯೊನ ಟೊಪ್ಪಿ ಮಾಯವಾಯಿತು.

"ಯಾವನ್ರೀ ಹಿಂದಕ್ಕೆ ಎಳೀತಿರೋದು!" ಎಂದು ದೋನ್ ನೊಲ್ಬೆರ್ತೊ ತಿರುಗಿ ನೋಡಿದರು. ನೋಡಿದವರ ಹುಬ್ಬುಗಳೆರಡೂ ಮೇಲೆದ್ದವು. ಎತ್ತುಗಳ ಹೆಸರು ಹಿಡಿದು ಕೂಗಿದರು: "ಓಹೋ! ಹಾಗಾ! ಕ್ಲಾವೆಲ್! ಲುಸೇರೊ! ಪೇಟೆ ಕಬ್ಬಿಣಕ್ಕೆ ಸೋಲ್ತೀರೇನ್ರೋ! ಎಳೀರಿ!"

ಎತ್ತುಗಳಿಗೆ ಏನರ್ಥವಾಯಿತೋ ಗೊತ್ತಿಲ್ಲ, ಎಂಟೂ ಜನ ಎತ್ತಿನವರಿಗೆ ಪೂರ್ತಿ ಅರ್ಥವಾಯಿತು. ಅವರು ಕೂಗಿದ ಕೂಗಿಗೆ ಇಗರ್ಜಿಯ ಗೋಪುರದ ಪಾರಿವಾಳಗಳು ಹಾರಿಹೋದವು. ಮೊದಲು ಒಂದು ಗೇಣು, ಆಮೇಲೆ ಒಂದು ಮಾರು, ಆಮೇಲೆ ನಿಲ್ಲದೆ, ಹಿಂದಕ್ಕೆ ಹೋಗುತ್ತಿದ್ದ ಟ್ರ್ಯಾಕ್ಟರನ್ನೂ, ಅದರ ಮೇಲೆ ಬಾಯಿ ತೆರೆದು ಕೂತಿದ್ದ ಚಿಕ್ಕಪ್ಪನನ್ನೂ, ಮನೆಯನ್ನೂ, ಅತ್ತೆಯನ್ನೂ, ಬೆಕ್ಕನ್ನೂ ಎತ್ತುಗಳು ಮುಂದಕ್ಕೆ ಎಳೆದುಕೊಂಡು ಹೋಗಿ, ದಂಡೆ ಹತ್ತಿಸಿ, ಇಗರ್ಜಿಯ ಹಿಂದಿನ ನೆಲದ ಮೇಲೆ ನಿಲ್ಲಿಸಿದವು. ಚಕ್ರಗಳು ಆಗಲೂ ಹಿಂದಕ್ಕೇ ತಿರುಗುತ್ತಿದ್ದವು. ಎಂಜಿನ್ ಆರಿಸಬೇಕೆಂದು ಯಾರೋ ನೆನಪಿಸಿದರು.

ದೋನ್ ನೊಲ್ಬೆರ್ತೊ ಓಡಿ ಬಂದು ಚಿಕ್ಕಪ್ಪನನ್ನು ಸೀಟಿನಿಂದ ಎತ್ತಿ ತಬ್ಬಿಕೊಂಡರು. "ನೀನು ಎದುರಿಗೆ ಎಳೆದ್ರೂ ನಮ್ಮೆತ್ತು ಬಿಡ್ಲಿಲ್ಲ ನೋಡಿದ್ಯೇನೋ! ಎದುರಿಗೆ!" ಅವರ ಕಣ್ಣಲ್ಲಿ ನೀರಿತ್ತು. ಎಂಟು ಜನರ ಸಿಟ್ಟೂ ಕೊಲ್ಲಿಯ ಮರಳಲ್ಲೇ ಹೂತುಹೋಗಿತ್ತು.

ಊಟಕ್ಕೆ ಕೂತಾಗ ಎಲ್ಲರೂ ಚಿಕ್ಕಪ್ಪನನ್ನು ಆಡಿಕೊಂಡರು. ಅವನು ಮಸ್ಸೆಲ್ ಚಿಪ್ಪನ್ನು ಮೇಜಿಗೆ ಕುಟ್ಟಿ ಹೇಳಿದ: "ಮರೆತು ಹಾಕಿದ್ದಲ್ಲ! ಎತ್ತಿನವರ ಮರ್ಯಾದೆ ಉಳೀಲಿ ಅಂತ ಬೇಕೂಂತ್ಲೇ ಹಾಕಿದ್ದು ಮೊದಲ್ನೇ ಗೇರು!" ನಂಬಿದವರು ಒಬ್ಬರೂ ಇಲ್ಲ. ಆದರೆ ಅತ್ತೆ ಅವನ ತಟ್ಟೆಗೆ ಹಂದಿಮಾಂಸದ ದೊಡ್ಡ ತುಂಡನ್ನು ಹಾಕಿದಳು. ಹಾಕಿ, "ಗೋಡೆ ರಿಪೇರಿ ಯಾವಾಗ?" ಎಂದೂ ಕೇಳಿದಳು.

ಗೋಡೆ ರಿಪೇರಿಯಾದ ಮೇಲೆ, ಚಳಿಗಾಲವಿಡೀ ಅತ್ತೆಯ ಹೊಸ ಅಂಗಳದಲ್ಲಿ ಮತ್ತೆ ಟಾರ್ಪಾಲು. ಚಿಕ್ಕಪ್ಪ ಡಿಫರೆನ್ಷಿಯಲನ್ನು ಮತ್ತೆ ಹೊರಗೆ ತೆಗೆದ, ಕ್ರೌನನ್ನು ಇರಬೇಕಾದ ಪಕ್ಕಕ್ಕೆ ತಿರುಗಿಸಿದ, ಬೇರಿಂಗುಗಳ ತಗಡುಗಳನ್ನು ಮೊದಲಿನಿಂದ ಕತ್ತರಿಸಿದ. ಜಾಮ್ ಸೀಸೆಯ ಮುಚ್ಚಳ, ಹಳದಿ ಬಣ್ಣ, ಕಿವಿಗೆ ಕೋಲು, ಎಲ್ಲ ಮತ್ತೊಮ್ಮೆ. ಒಂದು ಭಾನುವಾರ ಟ್ರ್ಯಾಕ್ಟರು ಐದೂ ಗೇರುಗಳಲ್ಲಿ ಮುಂದಕ್ಕೆ ಹೋಯಿತು. ಚಿಕ್ಕಪ್ಪ ಇಗರ್ಜಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಪೂಜೆ ನಡೆಯುತ್ತಿತ್ತು, ಪಾದ್ರಿ ಹೊರಗೆ ಬಂದು ಬೈದು ಹೋದರು.

ಅದೇ ಮಧ್ಯಾಹ್ನ ದೋನ್ ನೊಲ್ಬೆರ್ತೊ ಬಂದರು. ಜೊತೆಗೆ ಏಳು ಜನ. ಬೂಟು ಒರೆಸಿಕೊಂಡು, ಒಲೆಯ ಪಕ್ಕ ಕೂತು, ಅತ್ತೆ ಕೊಟ್ಟ ಮಾಟೆ ಹೀರಿದರು. ಮಳೆಯಾಯಿತು, ಆಲೂಗಡ್ಡೆಯಾಯಿತು, ಮೊಣಕಾಲಾಯಿತು. ಚಿಕ್ಕಪ್ಪನ ಬೆನ್ನು ನಿಧಾನವಾಗಿ ನೆಟ್ಟಗಾಗುತ್ತಾ ಬಂತು. ಹುಟ್ಟಿದಂದಿನಿಂದ ಅವನನ್ನು ಕೇಳಿಕೊಳ್ಳಲು ಯಾರೂ ಬಂದಿರಲಿಲ್ಲ.

"ಎವಾರಿಸ್ತೊ, ನಿನ್ನ ಕೇಳಿಕೊಳ್ಳೋಕೆ ಬಂದ್ವಿ," ಎಂದರು ದೋನ್ ನೊಲ್ಬೆರ್ತೊ.

"ಹೇಳಿ ದೋನ್ ನೊಲ್ಬೆರ್ತೊ, ಹೇಳಿ! ಏನ್ ಎಳೀಬೇಕು? ಮನೇನಾ? ದೋಣೀನಾ?"

"ಎಳೆಯೋದೇನೂ ಇಲ್ಲ. ಪಕ್ಕದ ದ್ವೀಪದವ್ರು ನಂಬ್ತಿಲ್ಲ. ನಮ್ಮೆತ್ತು ನಿನ್ನ ಟ್ರ್ಯಾಕ್ಟರನ್ನ ಸೋಲಿಸ್ತು ಅಂದ್ರೆ ಹಲ್ಲು ಕಿರೀತಾರೆ. ಬರೋ ಭಾನುವಾರ ಅವ್ರನ್ನೆಲ್ಲ ಕರೆಸಿದೀವಿ. ಅವ್ರ ಕಣ್ಣೆದುರಿಗೇ ಇನ್ನೊಂದ್ಸಲ ಸೋಲಿಸ್ಬೇಕು. ನೀನು ಆವತ್ತಿನ ಥರಾನೇ ತಗೊಂಡು ಬಾ, ಹಿಂದಕ್ಕೆ ಹೋಗೋ ಥರ."

"ಅಷ್ಟೇನಾ? ರಿವರ್ಸ್ ಗೇರು ಹಾಕ್ಕೊಂಡು ಬರ್ತೀನಿ."

ಎಂಟೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಂದು ಗೇರಲ್ಲಿ ಎಲ್ಲಾ ಟ್ರ್ಯಾಕ್ಟರೂ ಹಿಂದಕ್ಕೆ ಹೋಗುತ್ತಪ್ಪ," ಎಂದರು ದೋನ್ ನೊಲ್ಬೆರ್ತೊ. "ಐದು ಗೇರಲ್ಲಿ ಹಿಂದಕ್ಕೆ ಹೋಗೋದನ್ನ ಸೋಲ್ಸಿದೀವಿ ಅಂತ ಹೇಳ್ಬಿಟ್ಟಿದೀವಿ. ಐದೂ ತೋರಿಸ್ಬೇಕು."

"ಅದನ್ನ ಸರಿ ಮಾಡ್ಬಿಟ್ಟೆ ನಾನು!" ಚಿಕ್ಕಪ್ಪ ಎದ್ದು ನಿಂತ. "ಇವತ್ತು! ಇವತ್ತು ಬೆಳಿಗ್ಗೆ! ಇಡೀ ಚಳಿಗಾಲ ಅದರಡಿ ಮಲಗಿದ್ದೆ! ಈಗ ಮುಂದಕ್ಕೆ ಹೋಗುತ್ತೆ, ಗೊತ್ತಾ ನಿಮಗೆ? ಮುಂದಕ್ಕೆ!"

ಎಂಟು ಟೊಪ್ಪಿಗಳು ಎಂಟು ತೊಡೆಗಳ ಮೇಲೆ ಕಾದು ಕೂತಿದ್ದವು. ಅತ್ತೆ ಕೆಟಲನ್ನು ಒಲೆಯ ಮೇಲಿಟ್ಟಳು.

"ಒಲೆ ಪಕ್ಕ ಕೂತು ಕೇಳಿಕೊಂಡಿದಾರೆ ಕಣೋ," ಎಂದಳು.

ಚಿಕ್ಕಪ್ಪ ಬಾಗಿಲನ್ನು ಧಡಾರನೆ ತಳ್ಳಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಜಾಕ್ ಕಿರುಗುಟ್ಟಿತು, ಆಮೇಲೆ ಮೊದಲ ಬೋಲ್ಟು. ನಾನು ಬ್ಯಾಟರಿ ಹುಡುಕಿಕೊಂಡು ಹೊರಟೆ. ಟ್ರ್ಯಾಕ್ಟರಿನ ಅಡಿಯಿಂದ ಅವನ ದನಿ ಒಳಗಿನ ಎಂಟು ಜನಕ್ಕೂ ಕೇಳುವ ಹಾಗೆ ಮೇಲೆ ಬಂತು.

"ಎಂಥಾ ಜನಾರೀ ಇವ್ರು! ಸರಿ ಮಾಡು ಅಂತ ಕೇಳಿಕೊಳ್ಳೋಕೆ ಒಬ್ನೂ ಬರ್ಲಿಲ್ಲ, ಕೆಡಿಸು ಅಂತ ಕೇಳಿಕೊಳ್ಳೋಕೆ ಎಂಟು ಜನ ಬಂದಿದಾರೆ!"